ಮುಟ್ಟದೆ ತೆರೆಯುವ ಬೀಗ

ಮನೆಗೊಂದು ಎಲೆಕ್ಟ್ರಾನಿಕ್ ಬೀಗ ಮಾಡಬೇಕೆಂದು ಹೊರಡುವವರೆಲ್ಲ ಮೊದಲು ನೆನೆಯುವುದು ಕಳ್ಳನನ್ನು. ಇದು ಕಳ್ಳನಿಗೆ ಅವನ ಯೋಗ್ಯತೆ ಮೀರಿದ ಮರ್ಯಾದೆ. ಅವನು ಒಂದು ಬಾಗಿಲಿಗೆ ಬರುವುದು ಜನ್ಮಕ್ಕೊಂದು ಸಲ, ಅದೂ ಗ್ರಹಚಾರ ಕೆಟ್ಟರೆ. ಮನೆಯವರಾದರೋ ದಿನಕ್ಕೆ ಹತ್ತು ಸಲ ಬರುತ್ತಾರೆ. ಒಂದು ಕೈಯಲ್ಲಿ ತರಕಾರಿ ಚೀಲ, ಕಂಕುಳಲ್ಲಿ ಮಗು, ಹಲ್ಲಿನಲ್ಲಿ ಕರೆಂಟ್ ಬಿಲ್ಲು. ಬೀಗ ಮುಗ್ಗರಿಸುವುದು ಹೆಚ್ಚಾಗಿ ಇವರೆದುರಿಗೆ. ಆದ್ದರಿಂದ ಕಾರ್ಡು ತೋರಿಸಿದರೆ ತೆರೆಯುವ ಬೀಗದಲ್ಲಿ ಕಳ್ಳನನ್ನು ಹೊರಗಿಡುವುದು ಸಲೀಸು, ಯಜಮಾನರನ್ನು ಒಳಗೆ ಬಿಡುವುದೇ ಕಷ್ಟ ಎಂಬುದು ನನ್ನ ವಾದ.

ಕಾರ್ಡಿನ ಉಪಾಯ ಹೊಸದೇನಲ್ಲ. ರೇಡಿಯೋ ಅಲೆಯಿಂದ ಬಾಗಿಲು ತೆರೆಯುವ ವ್ಯವಸ್ಥೆಗೆ ಅಮೆರಿಕದ ಚಾರ್ಲ್ಸ್ ವಾಲ್ಟನ್ 1973ರಲ್ಲೇ ಪೇಟೆಂಟ್ ಪಡೆದಿದ್ದರು. ಬಾಗಿಲ ಮೇಲಿನ ರೀಡರಿನೊಳಗೆ ತಂತಿಯ ಒಂದು ಸುರುಳಿ, ಕಾರ್ಡಿನೊಳಗೆ ಇನ್ನೊಂದು. ರೀಡರು 13.56 ಮೆಗಾಹರ್ಟ್ಸಿನಲ್ಲಿ ಮಿಡಿಯುತ್ತದೆ. ಹತ್ತಿರ ಬಂದ ಕಾರ್ಡು ಆ ಮಿಡಿತದಿಂದಲೇ ವಿದ್ಯುತ್ತನ್ನು ಕಡ ಪಡೆದು, ಎಚ್ಚೆತ್ತು, ಹೇಳಬೇಕಾದ್ದನ್ನು ಹೇಳಿ ಮತ್ತೆ ಮಲಗುತ್ತದೆ. ಅದಕ್ಕೆ ಸ್ವಂತ ಬ್ಯಾಟರಿಯಿಲ್ಲ. ಅದರ ಮಾತು ಮಾಮೂಲಿ ರೀಡರಿಗೆ ಸುಮಾರು ಹತ್ತು ಸೆಂಟಿಮೀಟರಿನಾಚೆ ಕೇಳಿಸದು. ತಕರಾರಿರುವುದು ಅದು ಏನು ಹೇಳುತ್ತದೆ ಎಂಬುದರಲ್ಲಿ. 125 ಕಿಲೋಹರ್ಟ್ಸಿನಲ್ಲಿ ನಡೆಯುವ ಇನ್ನೊಂದು ಜಾತಿಯ ಅಗ್ಗದ ಕಾರ್ಡು, ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಮನೆಯ ಸಮಾಚಾರ ಒಪ್ಪಿಸುವವರ ಹಾಗೆ, ಯಾರು ಕೇಳಿದರೂ ತನ್ನ ನಂಬರನ್ನು ಪೂರ್ತಿ ಹೇಳಿಬಿಡುತ್ತದೆ. ಕೇಳಿಸಿಕೊಂಡವನು ಅದನ್ನೇ ಬೇರೊಂದು ಕಾರ್ಡಿಗೆ ಬರೆದರೆ ಬಾಗಿಲಿಗೆ ವ್ಯತ್ಯಾಸ ತಿಳಿಯದು. ಮೈಫೇರ್ ಕ್ಲಾಸಿಕ್ ಎಂಬ ಹೆಸರುವಾಸಿ ಕಾರ್ಡು ಇದಕ್ಕಿಂತ ಜಾಣ. ಅದರ ಗುಪ್ತಕೀಲಿ 48 ಬಿಟ್ಟಿನದು, ಲೆಕ್ಕ ಮಾಡುವ ಸೂತ್ರವೂ ಗುಟ್ಟಾಗಿತ್ತು. 2008ರಲ್ಲಿ ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಆ ಗುಟ್ಟನ್ನು ಬಿಡಿಸಿಟ್ಟರು. ತಯಾರಕ ಕಂಪನಿ ಎನ್‌ಎಕ್ಸ್‌ಪಿ ಅದರ ಪ್ರಕಟಣೆ ತಡೆಯಲು ಕೋರ್ಟಿಗೆ ಹೋಯಿತು, ಕೋರ್ಟು ಒಪ್ಪಲಿಲ್ಲ. ಬಾಗಿಲಿಗೆ ಸಾಲದ ಬೀಗವನ್ನು ಬಾಯಿಗೆ ಹಾಕಲು ನೋಡುವುದು ಎಲ್ಲ ಕಾಲದ ಚಾಳಿ. ಹವ್ಯಾಸಿಗಳು ಆರ್ಡುಯಿನೋ ಎಂಬ ಪುಟ್ಟ ಎಲೆಕ್ಟ್ರಾನಿಕ್ ಹಲಗೆಗೆ ಆರ್‌ಸಿ522 ರೀಡರ್ ಸಿಕ್ಕಿಸಿ ಮಾಡುವ ಬೀಗಗಳಂತೂ ಬಹುಪಾಲು ಗುಪ್ತಕೀಲಿಯ ಗೊಡವೆಗೇ ಹೋಗದೆ ಕಾರ್ಡಿನ ಕ್ರಮಸಂಖ್ಯೆ ಕೇಳಿ ಬಾಗಿಲು ತೆಗೆಯುತ್ತವೆ. ಇದಕ್ಕೆ ಮದ್ದೂ ಇದೆ. ಬೀಗವು ಪ್ರತಿ ಸಲವೂ ಹೊಸದೊಂದು ಅಂಕಿ ಎಸೆಯಬೇಕು, ಕಾರ್ಡು ಅದನ್ನು ಎಇಎಸ್ ಎಂಬ ಗೂಢಲಿಪಿ ಪದ್ಧತಿಯಲ್ಲಿ ಮಾರುವೇಷ ಹಾಕಿಸಿ ಹಿಂತಿರುಗಿಸಬೇಕು. ಕದ್ದು ಕೇಳಿದವನಿಗೆ ಸಿಕ್ಕ ಉತ್ತರ ಮುಂದಿನ ಪ್ರಶ್ನೆಗೆ ಉಪಯೋಗಕ್ಕೆ ಬರುವುದಿಲ್ಲ.

ಇಷ್ಟು ಮಾಡಿದರೆ ಕಳ್ಳನ ಕಥೆ ಮುಗಿಯಿತೆ ಎಂದರೆ, ಅವನ ಕಥೆ ಅಲ್ಲಿ ಶುರುವೇ ಆಗಿರಲಿಲ್ಲ. ಪತ್ರಿಕೆಯ ಒಳಪುಟಗಳಲ್ಲಿ ‘ಬೀಗ ಮುರಿದು ಕಳವು’ ಎಂಬ ಸುದ್ದಿ ನಿತ್ಯದ್ದು. ‘ಗೂಢಲಿಪಿ ಭೇದಿಸಿ ಒಡವೆ ದೋಚಿದರು’ ಎಂಬ ಶೀರ್ಷಿಕೆಗೆ ಇನ್ನೂ ಕಾಯಬೇಕು. ಬೀಗವನ್ನು ಬುದ್ಧಿಯಿಂದ ತೆರೆಯುವವರೇ ಇಲ್ಲವೆಂದಲ್ಲ. ಲಂಡನ್ನಿನ ಬ್ರಾಮಾ ಕಂಪನಿ ತನ್ನ ಬೀಗ ತೆರೆದವರಿಗೆ 200 ಗಿನಿ ಬಹುಮಾನವೆಂದು ಅಂಗಡಿಯ ಕಿಟಕಿಯಲ್ಲಿ ಬೋರ್ಡು ಇಟ್ಟಿತ್ತು. ದಶಕಗಳ ನಂತರ, 1851ರಲ್ಲಿ, ಅಮೆರಿಕದಿಂದ ಬಂದ ಆಲ್ಫ್ರೆಡ್ ಹಾಬ್ಸ್ ಅದನ್ನು ತೆರೆದ. ಹದಿನಾರು ದಿನಗಳಲ್ಲಿ ಹರಡಿದ ಐವತ್ತೊಂದು ಗಂಟೆಯ ದುಡಿಮೆ. ನಮ್ಮ ಬೀದಿಗಳಲ್ಲಿ ಅಷ್ಟು ಹೊತ್ತು ಪರರ ಬಾಗಿಲ ಮುಂದೆ ಕೂತವನಿಗೆ ಎದುರುಮನೆಯವರು ‘ಯಾರು ಬೇಕಾಗಿತ್ತು’ ಎಂದು ಮೂರು ಸಲ ಕೇಳಿ, ಎರಡು ಸಲ ಕಾಫಿ ಕೊಟ್ಟು, ಊರು ಕುಲಗೋತ್ರಗಳನ್ನು ತಿಳಿದುಕೊಂಡಿರುತ್ತಿದ್ದರು. ಕಳ್ಳ ಹಾರೆ ಹಿಡಿಯುವುದಕ್ಕೆ ಅವನ ಅಜ್ಞಾನ ಕಾರಣವಲ್ಲ, ಸಮಯದ ಅಭಾವ ಕಾರಣ. ಹಾರೆಗೆ ಉತ್ತರ ಹೇಳಬೇಕಾದ್ದು ಚೌಕಟ್ಟು, ತಿರುಪುಮೊಳೆ ಮತ್ತು ಗೋಡೆ. ಎಇಎಸ್‌ಗೆ ಅಲ್ಲಿ ಕೆಲಸವಿಲ್ಲ.

ಇನ್ನು ಯಜಮಾನರ ಸಂಕಟಕ್ಕೆ ಬರೋಣ. ಹಳೆಯ ಬೀಗ ನಡೆಯುತ್ತಿದ್ದುದು ತಿರುಗಿಸುವವರ ತೋಳಿನ ಬಲದಿಂದ. ಹೊಸ ಬೀಗಕ್ಕೆ ಹೊಟ್ಟೆಗೆ ಹಾಕಬೇಕು. ಮನೆಯ ಕರೆಂಟಿಗೆ ಜೋಡಿಸಿದರೆ, ಗುಡುಗು ಕೇಳಿದ ಮಾತ್ರಕ್ಕೆ ಕರೆಂಟು ಹೋಗುವ ಊರುಗಳಲ್ಲಿ ಒಂದು ಧರ್ಮಸೂಕ್ಷ್ಮದ ಪ್ರಶ್ನೆ ಏಳುತ್ತದೆ: ಕರೆಂಟು ಹೋದಾಗ ಬೀಗ ತೆರೆದುಕೊಳ್ಳಬೇಕೋ, ಬಿಗಿದುಕೊಳ್ಳಬೇಕೋ? ತೆರೆದುಕೊಂಡರೆ ಪ್ರತಿ ಮಳೆಗೂ ಮನೆ ಧರ್ಮಛತ್ರ. ಬಿಗಿದುಕೊಂಡು ಒಳಗಿನಿಂದಲೂ ತೆರೆಯದಿದ್ದರೆ, ಅಡುಗೆಮನೆಯಲ್ಲಿ ಬೆಂಕಿ ಬಿದ್ದ ದಿನ ಅದು ಸೆರೆಮನೆ. ಸರಿಯಾದ ಉತ್ತರ ಒಂದೇ: ಹೊರಗಿನವರಿಗೆ ಬಿಗಿದೇ ಇರಲಿ, ಒಳಗಿನ ಹಿಡಿಕೆ ಮಾತ್ರ ವಿದ್ಯುತ್ತಿನ ಹಂಗಿಲ್ಲದೆ ಯಾವಾಗಲೂ ತೆರೆಯಲಿ. ಹಾಗಾದರೆ ಬ್ಯಾಟರಿ ಹಾಕೋಣವೆಂದರೆ, ಬೋಲ್ಟು ಎಳೆಯುವ 12 ವೋಲ್ಟಿನ ಸೊಲೆನಾಯ್ಡ್ ನಾಲ್ಕು ಪೆನ್ಸಿಲ್ ಸೆಲ್ಲುಗಳನ್ನು ಸಂತರ್ಪಣೆಯ ಊಟದಂತೆ ಮುಗಿಸುತ್ತದೆ. ಅದಕ್ಕೇ ಜಾಣ ವಿನ್ಯಾಸಗಾರರು ಪುಟ್ಟ ಮೋಟಾರಿಗೆ ಹಿಡಿಕೆಯನ್ನೂ ಬೋಲ್ಟನ್ನೂ ಜೋಡಿಸುವ ಹಗುರ ಕೆಲಸ ಕೊಟ್ಟು, ಬೋಲ್ಟು ಎಳೆಯುವ ಭಾರವನ್ನು ಮನುಷ್ಯನ ಕೈಗೇ ಬಿಡುತ್ತಾರೆ. ಅಂದರೆ ಮುಟ್ಟದೆ ತೆರೆಯುವ ಬೀಗವನ್ನು ಕೊನೆಗೆ ಹಿಡಿಕೆ ತಿರುಗಿಸಿಯೇ ತೆರೆಯಬೇಕು. ಸೆಲ್ಲುಗಳು ಪೂರ್ತಿ ಸತ್ತರೆ ಹೊರಗಿನಿಂದ 9 ವೋಲ್ಟಿನ ಬ್ಯಾಟರಿ ತಾಗಿಸಲು ಎರಡು ಲೋಹದ ಬೊಟ್ಟುಗಳನ್ನೂ ಇಡುತ್ತಾರೆ. ರಾತ್ರಿ ಹನ್ನೊಂದಕ್ಕೆ ಆ ಬ್ಯಾಟರಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂಬುದು ಕೈಪಿಡಿಯಲ್ಲಿರುವುದಿಲ್ಲ.

ಬಾಗಿಲೂ ಸುಮ್ಮನಿರುವ ವಸ್ತುವಲ್ಲ. ಮಲೆನಾಡಿನ ಆಷಾಢದಲ್ಲಿ ಮರದ ಬಾಗಿಲು ನೀರು ಕುಡಿದು ಉಬ್ಬುತ್ತದೆ, ಬೋಲ್ಟು ಚೌಕಟ್ಟಿನ ತೂತಿಗೆ ಉಜ್ಜುತ್ತದೆ. ಆ ಮನೆಯವರಿಗೆ ಇದರ ಪಟ್ಟು ಗೊತ್ತು: ಬಾಗಿಲನ್ನು ಕೊಂಚ ಮೇಲೆತ್ತಿ, ಭುಜ ಕೊಟ್ಟು, ಬೀಗದಕೈ ತಿರುಗಿಸಬೇಕು. ಬೋಲ್ಟನ್ನು ತಾನೇ ಎಳೆಯುವ ಮೋಟಾರಿಗೆ ಭುಜವಿಲ್ಲ. ಬಾಗಿಲು ಮುಚ್ಚಿದ ಕೂಡಲೇ ತಾನೇ ಬಿಗಿದುಕೊಳ್ಳುವ ಗುಣವನ್ನು ಜಾಹೀರಾತುಗಳು ಹೊಗಳುತ್ತವೆ. ಆದರೆ ನಸುಕಿನಲ್ಲಿ ಅಂಗಳ ಸಾರಿಸಿ ರಂಗೋಲಿ ಹಾಕಲು ಹೊರಬಂದ ಗೃಹಿಣಿ ಕಾರ್ಡನ್ನು ಕೊರಳಿಗೆ ಕಟ್ಟಿಕೊಂಡು ಬರುವುದಿಲ್ಲ. ಗಾಳಿಗೆ ಬಾಗಿಲು ಬಡಿದುಕೊಂಡರೆ ಹೊರಗೆ ಆಕೆ, ಒಳಗೆ ಒಲೆಯ ಮೇಲೆ ಹಾಲು. ವಿನ್ಯಾಸಗಾರನ ಪರೀಕ್ಷಾಪಟ್ಟಿಯಲ್ಲಿ ಸಾವಿರ ಸಲ ತೆರೆದು ಮುಚ್ಚುವ ಪರೀಕ್ಷೆ ಇದ್ದೀತು, ಈ ಹಾಲು ಇರಲಾರದು.

ಹೋಟೆಲುಗಳಲ್ಲಿ ಇಂಥ ಬೀಗ ವರ್ಷಗಳಿಂದ ಸುಖವಾಗಿ ನಡೆಯುತ್ತಿದೆಯಲ್ಲ ಎಂದು ಕೇಳಬಹುದು. ನಡೆಯುತ್ತಿದೆ, ಏಕೆಂದರೆ ಅಲ್ಲಿ ಕೆಳಗೊಬ್ಬ ಸ್ವಾಗತಕಾರ ರಾತ್ರಿಯಿಡೀ ಎಚ್ಚರವಿರುತ್ತಾನೆ, ಹೊಸ ಕಾರ್ಡು ಮಾಡಿಕೊಡುತ್ತಾನೆ. ಮನೆಯಲ್ಲಿ ಆ ಹುದ್ದೆ ಅಜ್ಜಿಯದು. ಆಕೆಗೆ ಕಿವಿ ಮಂದ. ಬೆರಳಚ್ಚು ಇಟ್ಟರಾಯಿತಲ್ಲ ಎನ್ನುವವರು ನ್ಯಾಯಬೆಲೆ ಅಂಗಡಿಯ ಸಾಲನ್ನು ನೋಡಿ ಬರಬೇಕು. ಗದ್ದೆ ಕೆಲಸದಲ್ಲಿ, ಪಾತ್ರೆ ತಿಕ್ಕಿ, ಬೆರಳ ಗೆರೆ ಸವೆದವರನ್ನು ಯಂತ್ರ ಅಲ್ಲಿ ಗುರುತಿಸದೆ ವಾಪಸು ಕಳಿಸಿದ್ದುಂಟು. ಅಕ್ಕಿಗಾಗಿ ನಿಂತಾಗ ಒಪ್ಪದ ಬೆರಳನ್ನು ಬಾಗಿಲು ಒಪ್ಪುತ್ತದೆಂದು ನಂಬುವುದು ಧೈರ್ಯದ ಮಾತು. ಮೊಬೈಲಿನಿಂದ ತೆರೆಯುವುದಂತೂ ಒಂದು ಬ್ಯಾಟರಿಯ ಚಿಂತೆಗೆ ಇನ್ನೊಂದನ್ನು ಗಂಟುಹಾಕುವ ಕೆಲಸ.

ಬೀಗಕ್ಕೆ ನೆನಪಿನ ಶಕ್ತಿಯೂ ಬಂದಿದೆ, ಇದು ಎಲ್ಲಕ್ಕಿಂತ ಅಪಾಯ. ಯಾರ ಕಾರ್ಡು ಎಷ್ಟು ಗಂಟೆಗೆ ಬಂತೆಂದು ಅದು ಬರೆದಿಡುತ್ತದೆ. ಮಗ ‘ಹತ್ತಕ್ಕೇ ಬಂದೆ’ ಎಂದದ್ದನ್ನು ಬೀಗ 12.40 ಎಂದು ತಿದ್ದುತ್ತದೆ. ಹಳೆಯ ಚಿಲಕ ಕಿರುಗುಟ್ಟುತ್ತಿತ್ತು, ನಿಜ, ಸಾಕ್ಷಿ ಹೇಳುತ್ತಿರಲಿಲ್ಲ. ಅತ್ತೆ ಸೊಸೆಯರಿರುವ ಮನೆಯಲ್ಲಿ ಈ ದಾಖಲೆಯ ಮೇಲ್ವಿಚಾರಕರು ಯಾರು ಎಂಬುದನ್ನು ಯಾವ ಇಂಜಿನಿಯರೂ ತೀರ್ಮಾನಿಸಬಾರದು.

ಇಷ್ಟು ತಾಪತ್ರಯವಿದ್ದರೆ ಹಳೆಯ ಬೀಗವೇ ಸಾಲದೆ? ಸಾಲದು, ಹೊಸದಕ್ಕೆ ಒಂದು ದೊಡ್ಡ ಗುಣವಿದೆ. ಕಾರ್ಡು ಕಳೆದರೆ ಅದೊಂದನ್ನು ರದ್ದು ಮಾಡಿದರೆ ಸಾಕು, ಬಾಗಿಲು ಕೊರೆಸಿ ಬೀಗ ಬದಲಿಸಬೇಕಿಲ್ಲ. ಕೆಲಸದಾಕೆಗೆ ಬೆಳಗಿನ ಹೊತ್ತಿಗಷ್ಟೇ ನಡೆಯುವ ಕಾರ್ಡು ಕೊಡಬಹುದು, ಬಾಡಿಗೆದಾರ ಬಿಟ್ಟುಹೋದ ದಿನವೇ ಅವನದನ್ನು ಅಳಿಸಬಹುದು. ಆದ್ದರಿಂದ ಬೀಗ ಮಾಡಿ, ಆದರೆ ಅದರ ಮುಚ್ಚಳದ ಹಿಂದೆ ಮಾಮೂಲಿ ಬೀಗದಕೈಗೆ ಒಂದು ತೂತು ಬಿಡಿ. ಆ ಬೀಗದಕೈಯನ್ನು ಭದ್ರವಾಗಿರಲೆಂದು ಮನೆಯೊಳಗಿನ ಬೀರುವಿನಲ್ಲಿ ಇಡಬೇಡಿ. ಬಹಳ ಜನ ಇಡುವುದು ಅಲ್ಲೇ. ಪಕ್ಕದ ಮನೆಯವರ ಕೈಗೆ ಕೊಟ್ಟಿರಿ. ಕೊಡುವ ಮುಂಚೆ ಅವರ ಬಾಗಿಲಿಗೆ ಹಳೆಯ ಬೀಗವೇ ಇದೆಯೇ ಎಂದು ವಿಚಾರಿಸಿ.