ಕಲಂ 63(4)ರ ಪ್ರಮಾಣಪತ್ರದವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪ್ರಮಾಣಪತ್ರದವರ ಸನ್ನಿಧಿಗೆ,
ವಿಷಯ: ಡಿಜಿಟಲ್ ಸಾಕ್ಷ್ಯವನ್ನು ಆನ್‌ಲೈನ್‌ನಲ್ಲಿ ಸಲ್ಲಿಸುವ ಬಗೆ.

ಭಾರತದ ನ್ಯಾಯಾಲಯಗಳಲ್ಲಿ ಮೊಬೈಲಿನ ಮೆಸೇಜು, ಸಿಸಿಟಿವಿ ದೃಶ್ಯ, ಫೋನ್ ಮಾತಿನ ರೆಕಾರ್ಡಿಂಗ್ ತಾವಾಗಿಯೇ ಬಾಯಿ ಬಿಡುವಂತಿಲ್ಲ. ಅವುಗಳ ಪರವಾಗಿ ಮೊದಲು ಒಂದು ಕಾಗದ ಮಾತಾಡಬೇಕು. ಆ ಕಾಗದವೇ ಪ್ರಮಾಣಪತ್ರ. ಶ್ರೀಯುತರ ಜನನ 2000ದಲ್ಲಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯು 1872ರ ಸಾಕ್ಷ್ಯ ಕಾಯ್ದೆಗೆ ಸೇರಿಸಿದ 65ಬಿ ಕಲಮಿನಲ್ಲಿ. ಅವರಿಲ್ಲದೆಯೂ ಕೆಲಸ ನಡೆಯುತ್ತದೆ ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2014ರ ಅನ್ವರ್ ಪ್ರಕರಣದಲ್ಲಿ ನಡೆಯದು ಎಂದಿತು. 2018ರಲ್ಲಿ ಸಡಿಲಿಸಿ, 2020ರಲ್ಲಿ ಮತ್ತೆ ಬಿಗಿ ಮಾಡಿತು. 2024ರ ಜುಲೈ 1ರಿಂದ ಅವರ ವಾಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ.

2020ರ ಪ್ರಕರಣ ಮಹಾರಾಷ್ಟ್ರದ ಜಾಲ್ನಾ ಕ್ಷೇತ್ರದ್ದು. ನಾಮಪತ್ರ ಮಧ್ಯಾಹ್ನ ಮೂರರ ಗಡುವಿನ ಒಳಗೆ ಬಂತೋ ದಾಟಿ ಬಂತೋ ಎಂಬುದಕ್ಕೆ ಚುನಾವಣಾಧಿಕಾರಿಯ ಕಚೇರಿಯದೇ ವಿಡಿಯೊ ಇತ್ತು. ಅದಕ್ಕೆ ಪ್ರಮಾಣಪತ್ರ ಕೊಡಿ ಎಂದು ಪದೇ ಪದೇ ಕೇಳಿದರೂ ಕಚೇರಿ ಕೊಡಲಿಲ್ಲ. ಹೀಗೆ ಸತಾಯಿಸಿದರೆ ಕೋರ್ಟಿಗೇ ಅರ್ಜಿ ಹಾಕಿ ತರಿಸಿಕೊಳ್ಳಬಹುದು ಎಂದು ತೀರ್ಪು ದಾರಿ ತೋರಿಸಿತು. ಅಂದರೆ, ಒಂದು ಕಾಗದಕ್ಕಾಗಿ ಇನ್ನೊಂದು ಅರ್ಜಿ, ಅದಕ್ಕೊಂದು ವಾಯಿದೆ.

ಈಗಿನ ನಮೂನೆಗೆ ಎರಡು ಭಾಗ. ಭಾಗ ಎ ಕಕ್ಷಿದಾರರದು, ಭಾಗ ಬಿ ತಜ್ಞರದು. ಸಾಧನದ ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಐಎಂಇಐ ಎಲ್ಲ ಬರೆಯಬೇಕು, ಬಣ್ಣವನ್ನೂ ಬಿಟ್ಟಿಲ್ಲ. ಕವರ್ ಹಾಕಿದ ಫೋನಿನ ನಿಜವಾದ ಬಣ್ಣ ಅನೇಕರಿಗೆ ತಿಳಿಯುವುದು ಆಗಲೇ. ತಜ್ಞ ಎಂದರೆ ಯಾರು ಎಂದು 63ನೇ ಕಲಂ ಬಿಡಿಸಿ ಹೇಳುವುದಿಲ್ಲ. ಬಾಡಿಗೆ ಬಾಕಿಯ ನಾಲ್ಕು ಸಾಲಿನ ವಾಟ್ಸಾಪ್ ಮೆಸೇಜಿಗೆ ತಾಲ್ಲೂಕು ಕೇಂದ್ರದಲ್ಲಿ ತಜ್ಞರನ್ನು ಹುಡುಕುವವರ ಪಾಡು ಶ್ರೀಯುತರ ಗಮನಕ್ಕೆ ಬಂದಂತಿಲ್ಲ.

ನಮೂನೆಯ ತಿರುಳು ಹ್ಯಾಶ್ ಮೌಲ್ಯ. ಎಸ್‌ಎಚ್‌ಎ-256 ವಿಧಾನದಲ್ಲಿ ಕಡತ ಎಷ್ಟೇ ದೊಡ್ಡದಿರಲಿ, 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಕಡತದಲ್ಲಿ ಚುಕ್ಕೆಯಷ್ಟು ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ತಿದ್ದುಪಡಿ ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯ ಕಷ್ಟ, ಇದನ್ನು ಒಪ್ಪಲೇಬೇಕು. ತೊಂದರೆ ಇರುವುದು ಬಳಕೆಯಲ್ಲಿ. ಕಕ್ಷಿದಾರರು ಫೋಟೊವನ್ನು ವಕೀಲರಿಗೆ ವಾಟ್ಸಾಪ್ ಮಾಡುತ್ತಾರೆ, ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಹ್ಯಾಶ್ ಅಲ್ಲೇ ಬದಲಾಗುತ್ತದೆ. ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದರೆ ಮೂಲ ಕಡತ ಹಾಗೆಯೇ ತಲುಪುತ್ತದೆ. ಮೂಲವನ್ನು ಅಳಿಸದೆ, ನಕಲು ತೆಗೆದಾಗಲೇ ಹ್ಯಾಶ್ ಬರೆದಿಟ್ಟರೆ ಎದುರು ವಕೀಲರ ತಕರಾರಿಗೆ ಆಸ್ಪದ ಕಡಿಮೆ.

ಇನ್ನು ಸಲ್ಲಿಕೆ. ಇ-ಫೈಲಿಂಗ್ ಪೋರ್ಟಲ್ ಬಯಸುವುದು ಪಿಡಿಎಫ್. ಆದ್ದರಿಂದ ಫೋನಿನಲ್ಲಿ ಹುಟ್ಟಿದ ಮೆಸೇಜು ಸ್ಕ್ರೀನ್‌ಶಾಟಾಗಿ, ಪ್ರಿಂಟಾಗಿ, ಸಹಿ ಬಿದ್ದು, 300 ಡಿಪಿಐಯಲ್ಲಿ ಸ್ಕ್ಯಾನಾಗಿ ಮತ್ತೆ ಡಿಜಿಟಲ್ ಆಗುತ್ತದೆ. ಪಿಡಿಎಫ್ ಆಗಲೊಲ್ಲದ ಧ್ವನಿ, ವಿಡಿಯೊಗಳನ್ನು ಸಾಮಾನ್ಯವಾಗಿ ಪೆನ್‌ಡ್ರೈವ್‌ನಲ್ಲಿ ಹಾಕಿ ಕೋರ್ಟಿಗೆ ಕೈಯಾರೆ ಒಪ್ಪಿಸಬೇಕು. ಸಾಕ್ಷ್ಯವನ್ನು ಅಂಗೀಕಾರಕ್ಕೆ ಸಲ್ಲಿಸಿದ ಪ್ರತಿ ಸಲವೂ ಪ್ರಮಾಣಪತ್ರದವರು ಜೊತೆಗಿರಲೇಬೇಕು.

ಶ್ರೀಯುತರಿಂದ ಪಾರಾಗುವ ದಾರಿಯೂ ಒಂದಿದೆ. ಫೋನಿನ ಮಾಲೀಕರು ಸಾಕ್ಷಿಕಟ್ಟೆ ಹತ್ತಿ ಮೂಲ ಫೋನನ್ನೇ ಹಾಜರುಪಡಿಸಿದರೆ ಪ್ರಮಾಣಪತ್ರ ಬೇಡ ಎಂದು 2020ರ ತೀರ್ಪು ಹೇಳಿದೆ. ಆಗ ಫೋನು ನಿಶಾನೆ ಹೊತ್ತು ಕೋರ್ಟಿನ ಸುಪರ್ದಿಗೆ ಹೋಗಬಹುದು. ಇ-ಫೈಲಿಂಗ್‌ನ ಒಟಿಪಿ ಬರುವುದು ಅದೇ ನಂಬರಿಗಾದ್ದರಿಂದ, ಸಿಮ್ ಕಾರ್ಡನ್ನು ಮೊದಲೇ ತೆಗೆದಿಟ್ಟುಕೊಳ್ಳುವುದು ಜಾಣತನ.