ಭಾವನವರ ಮೂರು ಚಕ್ರ

ಮೊಣಕಾಲು ಕೈಕೊಟ್ಟರೂ ಬೈಕಿನ ಹುಚ್ಚು ಬಿಡದವರನ್ನು ನೋಡಿಯೇ ಹಾರ್ಲೆ-ಡೇವಿಡ್ಸನ್ 2009ರ ಮಾಡೆಲ್ಲಾಗಿ ಟ್ರೈ ಗ್ಲೈಡ್ ತಂದಿರಬೇಕು. ಮುಂದೊಂದು ಚಕ್ರ, ಹಿಂದೆರಡು, 500 ಕಿಲೋಗೂ ಮಿಕ್ಕ ತೂಕ. ಟೆಕ್ಸಾಸಿನಲ್ಲಿರುವ ನಮ್ಮ ಭಾವ ನಿವೃತ್ತಿಯ ದುಡ್ಡಿನಲ್ಲಿ ಅದನ್ನೇ ಕೊಂಡರು.

ಡಿಕ್ಕಿ ಇದೆ, ಅದರ ಮೇಲೊಂದು ಪೆಟ್ಟಿಗೆಯೂ ಇದೆ. ಆದರೆ ಅಕ್ಕನ ಚಟ್ನಿಪುಡಿ, ಅವಲಕ್ಕಿ, ಪುಟ್ಟ ಕುಕ್ಕರ್ ಹತ್ತಿದ ಮೇಲೆ ಮಳೆಕೋಟಿಗೆ ಜಾಗವೆಲ್ಲಿ? ಪೆಟ್ಟಿಗೆಯ ಮೇಲಿನ ಕಂಬಿಗೆ ಒಂದು ಚೀಲ ಬಂತು, ಹಿಂದಿನ ಸೀಟಿನ ಅಕ್ಕಪಕ್ಕ ಇನ್ನೆರಡು. ಹಿಂದೆ ಭಾರ ಹೆಚ್ಚಾದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ ಅಂತ ಮೆಕ್ಯಾನಿಕ್ ಎಚ್ಚರಿಸಿದ. "ಹಾಗಾದ್ರೆ ಕುಕ್ಕರ್ ನೀವೇ ಮಡಿಲಲ್ಲಿ ಇಟ್ಕೊಳ್ಳಿ" ಅಂದಳು ಅಕ್ಕ.

ಬಂಪರಿನದು ಬೇರೆ ಕಥೆ. ಕೂತವರಿಗೆ ಕಾಣುವುದು ಬೈಕಿನ ಸಪೂರ ಮೂತಿ. ಬೆನ್ನ ಹಿಂದೆ ಎತ್ತಿನಗಾಡಿಯ ಅಗಲ. ರಿವರ್ಸ್ ಹಾಕುವಾಗ ಕಂಬಕ್ಕೆ ತಗುಲಿದರೆ ಪೇಂಟಿಗಿಂತ ಮೊದಲು ಭಾವನವರ ಜೀವ ಹೋಗುತ್ತದೆ. ಅದಕ್ಕೇ ಚಾಸಿಗೆ ಬೋಲ್ಟ್ ಹಾಕಿ ಬಿಗಿದ, ಫಳಫಳ ಹೊಳೆಯುವ ಕ್ರೋಮ್ ಬಂಪರ್. ಈಗ ಆ ಬಂಪರಿಗೆ ಗೀರು ಬೀಳಬಾರದಲ್ಲ, ಸುತ್ತಲು ಬಟ್ಟೆ ಹುಡುಕುತ್ತಿದ್ದಾರೆ. ಅಕ್ಕ ಸೀರೆ ಬೀರುವಿಗೆ ಬೀಗ ಹಾಕಿದ್ದಾಳಂತೆ.