ಟರ್ಕಿ ಸಾಕುವವರ ನಾಯಕಭೇದ

ನಾಟಕದ ನಾಯಕರಲ್ಲಿ ನಾಲ್ಕು ಬಗೆ ಎಂದು ನಮ್ಮ ಆಲಂಕಾರಿಕರು ಸಾರಿದ್ದಾರೆ: ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ. ನಾಯಿಕೆಯರನ್ನಂತೂ ಎಂಟಾಗಿ ವಿಂಗಡಿಸಿದ ಮೇಲೂ ಸಮಾಧಾನವಾಗದೆ ಉಪಭೇದಗಳನ್ನು ಎಣಿಸುತ್ತ ಹೋದರು. ಇಷ್ಟೆಲ್ಲ ಮಾಡಿದವರು ಟರ್ಕಿ ಕೋಳಿ ಸಾಕಲು ಹೊರಡುವವರನ್ನು ಮಾತ್ರ ಕೈಬಿಟ್ಟರು. ಅವರ ತಪ್ಪೇನಿಲ್ಲ, ಆ ಹಕ್ಕಿ ಆಗಿನ್ನೂ ಮೆಕ್ಸಿಕೋ ಕಡೆ ಇತ್ತು. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ಹಡಗು ಹತ್ತಿ ಯುರೋಪು ಸೇರಿದ ಮೇಲಷ್ಟೇ ಅದು ನಮ್ಮ ಕಡೆ ಮುಖ ಮಾಡಿದ್ದು. 1612ರಲ್ಲಿ ಮುಕರ್ರಬ್ ಖಾನ್ ಗೋವೆಯಿಂದ ತಂದು ಜಹಾಂಗೀರನಿಗೆ ಒಪ್ಪಿಸಿದ ಅಪರೂಪದ ಜೀವಿಗಳಲ್ಲಿ ಒಂದು ಟರ್ಕಿ ಹುಂಜವೂ ಇತ್ತು. ಅದರ ತಲೆಯ ಬಣ್ಣ ಗಳಿಗೆಗೊಮ್ಮೆ ಬದಲಾಗುವುದನ್ನು ಬಾದಶಹ ಗಮನಿಸಿ, ಗೋಸುಂಬೆಗೆ ಹೋಲಿಸಿ, ತನ್ನ ಆತ್ಮಕಥೆಯಲ್ಲಿ ಬರೆದಿಟ್ಟ. ಆಸ್ಥಾನದ ಚಿತ್ರಕಾರ ಮನ್ಸೂರ್ ಅದನ್ನು ಚಿತ್ರಿಸಿದ. ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಹೀಗೆ ಹಕ್ಕಿಯ ಲಕ್ಷಣ ಹೇಳುವವರು ನಾಲ್ಕು ಶತಮಾನದ ಹಿಂದೆಯೇ ಸಿಕ್ಕರು. ಸಾಕುವವರ ಲಕ್ಷಣ ಹೇಳುವವರು ಸಿಗಲಿಲ್ಲ. ಈ ಶಾಸ್ತ್ರ ಹುಟ್ಟಿದ್ದು ಅದಕ್ಕೆ.

ಇಲ್ಲೊಂದು ಪೂರ್ವಪಕ್ಷ. ಮೊದಲು ಹಕ್ಕಿಯ ಜಾತಿ ಹೇಳಬೇಡವೇ? ಹೇಳೋಣ, ಬೇಗ ಮುಗಿಯುವ ಕೆಲಸ. ದೊಡ್ಡೆದೆಯ ಕಂಚಿನ ಬಣ್ಣದ್ದೊಂದು, ಅದೇ ಗಾತ್ರದ ಬಿಳಿಯದೊಂದು. ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದಲ್ಲಿ, ಚಿಕ್ಕ ಸಂಸಾರದ ಚಿಕ್ಕ ಓವನ್ನಿಗೆ ಹಿಡಿಸಲೆಂದೇ ತಯಾರಾದ ಸಣ್ಣ ಬಿಳಿಯದು ಮೂರನೆಯದು. ಅದನ್ನು ನಾಡಿನ ಕಪ್ಪು ಟರ್ಕಿಯ ಜೊತೆ ಬೆರೆಸಿ ತಮಿಳುನಾಡಿನಲ್ಲಿ ರೂಪಿಸಿದ ನಂದನಂ ಟರ್ಕಿ-1 ನಾಲ್ಕನೆಯದು. ಬಿಳಿ ಗರಿಯವು ನಮ್ಮ ಬಿಸಿಲು ತಡೆಯುತ್ತವೆ. ದೊಡ್ಡೆದೆಯವು ಮೈಭಾರದಿಂದಾಗಿ ತಾವಾಗಿ ಕೂಡಲಾರವು, ಕೃತಕ ಗರ್ಭಧಾರಣೆ ಬೇಕು. ಎರಡು ಎಕರೆ ತೋಟದವನಿಗೆ ಈ ರಗಳೆ ಬೇಡ, ಸಣ್ಣ ಜಾತಿಯೇ ಸಾಕು. ಜಾತಿಪ್ರಕರಣ ಮುಗಿಯಿತು.

ಇನ್ನು ನಾಯಕರು.

ಧೀರಲಲಿತ ಎಂದರೆ ನಿಶ್ಚಿಂತ, ಕಲಾಸಕ್ತ, ಸುಖಿ. ಈತ ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಟು ಕನಕಪುರದ ಆಚೆಯೋ ದೊಡ್ಡಬಳ್ಳಾಪುರದ ಆಚೆಯೋ ಇರುವ ತೋಟ ಸೇರುತ್ತಾನೆ. ಟರ್ಕಿ ಗರಿ ಬಿಚ್ಚಿ ನಿಂತದ್ದನ್ನು ಮೊಬೈಲಿನಲ್ಲಿ ನೋಡಿದವನು, ಅದೇ ದೃಶ್ಯ ತನ್ನ ಹುಲ್ಲುಹಾಸಿನ ಮೇಲೂ ಬೇಕೆಂದು ಹಂಬಲಿಸಿದವನು. ಮರಿಗಳಿಗೆ ಮೊದಲ ದಿನವೇ ಹೆಸರಿಡುತ್ತಾನೆ. ಹೆಸರಿಟ್ಟದ್ದನ್ನು ತಿನ್ನಲಾಗದು ಎಂಬ ಜ್ಞಾನ ಡಿಸೆಂಬರಿನಲ್ಲಿ ಉಂಟಾಗುತ್ತದೆ. ಈ ಬಗೆಯವರಿಂದ ಟರ್ಕಿಗೆ ಅಪಾಯ ಕಡಿಮೆ, ಟರ್ಕಿಯಿಂದ ಇವರ ಕಾರಿಗೆ ಹೆಚ್ಚು. ಬಲಿತ ಗಂಡು ಟರ್ಕಿ ಹೊಳೆಯುವ ಬಾಗಿಲಿನಲ್ಲಿ ತನ್ನ ಬಿಂಬ ಕಂಡರೆ ಎದುರಾಳಿ ಬಂದನೆಂದು ತಿಳಿದು ಕುಕ್ಕತೊಡಗುತ್ತದೆ. ಕೊಕ್ಕಿನ ಮೇಲಿನ ಸೊಂಡಿಲಿನಂಥ ಮಾಂಸ ಉದ್ದವಾಗಿ ಜೋತುಬೀಳುತ್ತದೆ, ಮುಖ ನೀಲಿಯಾಗುತ್ತದೆ, ಕೊರಳು ಕೆಂಪೇರುತ್ತದೆ, ನೆತ್ತಿ ಬಿಳುಪಾಗುತ್ತದೆ. ಆಗ ಯಾರಾದರೂ ಹಾರ್ನ್ ಹೊಡೆದರೆ ತೋಟದಲ್ಲಿರುವ ಗಂಡುಗಳೆಲ್ಲ ಒಟ್ಟಿಗೆ ಗುಳುಗುಳು ಎಂದು ಉತ್ತರ ಕೊಡುತ್ತವೆ. ಕುಕ್ಕರ್ ಕೂಗಿದರೂ ಕೊಡುತ್ತವೆ.

ಧೀರೋದ್ಧತ ದರ್ಪದವನು, ಜಂಬಗಾರ. ಇವನ ಶಾಸ್ತ್ರ ಯೂಟ್ಯೂಬಿನದು, ಲೆಕ್ಕ ಕ್ರಿಸ್‌ಮಸ್ಸಿನದು. ಕ್ರಿಸ್‌ಮಸ್ ಹತ್ತಿರವಾದಾಗ ರಸೆಲ್ ಮಾರ್ಕೆಟ್ಟಿನಲ್ಲಿ ಟರ್ಕಿಗೆ ಗಿರಾಕಿ ಇರುತ್ತಾರೆ ಎಂಬುದು ನಿಜ. ಆದರೆ ಮರಿ ಮಾರಾಟದ ತೂಕಕ್ಕೆ ಬರಲು ನಾಲ್ಕೈದು ತಿಂಗಳು ಬೇಕು ಎಂಬುದೂ ಅಷ್ಟೇ ನಿಜ. ಮೊಟ್ಟೆ ಒಡೆಯಲು ಅದಕ್ಕೂ ಮೊದಲು 28 ದಿನ. ಊರಕೋಳಿಯ 21 ದಿನದ ಲೆಕ್ಕ ಇಲ್ಲಿ ನಡೆಯದು. ಎಂದರೆ ಡಿಸೆಂಬರಿನ ಹಕ್ಕಿಗೆ ಜುಲೈ, ಆಗಸ್ಟಿನಲ್ಲೇ ಮರಿ ತಂದಿರಬೇಕು. ಅದು ಮಳೆ, ಥಂಡಿಗಾಳಿ, ಒದ್ದೆ ನೆಲದ ಕಾಲ, ಎಳೆಮರಿ ಬದುಕಲು ವರ್ಷದಲ್ಲೇ ಅತಿ ಕೆಟ್ಟದ್ದು. ಧೀರೋದ್ಧತನಿಗೆ ಕ್ರಿಸ್‌ಮಸ್ ಹೊಳೆಯುವುದು ಅಕ್ಟೋಬರಿನಲ್ಲಿ.

ಇವನ ಇನ್ನೊಂದು ಲಕ್ಷಣ ಸರ್ವಸಂಗ್ರಹ. ನಾಟಿಕೋಳಿ, ಗಿರಿರಾಜ, ಬಾತು, ಗಿನಿಕೋಳಿ ಎಲ್ಲ ಇರುವ ಅಂಗಳಕ್ಕೇ ಟರ್ಕಿಯನ್ನೂ ಬಿಡುತ್ತಾನೆ. ಇಲ್ಲಿ ಶಾಸ್ತ್ರಕಾರ ತಮಾಷೆ ಬಿಟ್ಟು ಮಾತಾಡಬೇಕು. ಕೋಳಿಯ ಕರುಳಿನಲ್ಲಿರುವ ಒಂದು ಬಗೆಯ ಸಣ್ಣ ಹುಳುವಿನ ಮೊಟ್ಟೆಯೊಳಗೆ ಬ್ಲ್ಯಾಕ್‌ಹೆಡ್ ಎಂಬ ರೋಗದ ಏಕಕೋಶಜೀವಿ ಅಡಗಿರುತ್ತದೆ. ಕೋಳಿಗೆ ಅದರಿಂದ ಬಾಧೆ ಕಡಿಮೆ. ಹಿಕ್ಕೆಯಲ್ಲಿ ಹೊರಹಾಕಿ ತಾನು ಆರಾಮಾಗಿ ತಿರುಗುತ್ತದೆ. ಆ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಎರೆಹುಳುವಿನ ಹೊಟ್ಟೆ ಸೇರಿಯೂ ಉಳಿಯುತ್ತದೆ. ಟರ್ಕಿ ಅದನ್ನು ಹೆಕ್ಕಿ ತಿಂದರೆ ಈಲಿ ಕೊಳೆಯುತ್ತದೆ, ಹಿಕ್ಕೆ ಗಂಧಕದಂತೆ ಹಳದಿಯಾಗುತ್ತದೆ, ಹಕ್ಕಿ ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿಯುತ್ತದೆ. ತಲೆ ಕಪ್ಪಾಗಲೇಬೇಕೆಂದಿಲ್ಲ, ಹೆಸರು ನಂಬಿ ಕಾಯುತ್ತ ಕೂರಬಾರದು. ಟರ್ಕಿಯ ಹಿಂಡು ಹೀಗೆ ಪೂರ್ತಿ ಹೋದ ಮೇಲೂ ಅದೇ ಅಂಗಳದಲ್ಲಿ ನಾಟಿಕೋಳಿ ಲಕಲಕ ಎನ್ನುತ್ತಿರುವುದರಿಂದ ‘ಮರಿ ಕೊಟ್ಟವನೇ ಮೋಸ ಮಾಡಿದ’ ಎಂದು ಧೀರೋದ್ಧತ ಊರೆಲ್ಲ ಸಾರುತ್ತಾನೆ.

ಧೀರಶಾಂತ ಸಾಮಾನ್ಯವಾಗಿ ಬ್ಯಾಂಕಿನಿಂದ ನಿವೃತ್ತ. ರಿಜಿಸ್ಟರ್ ಇಡುತ್ತಾನೆ, ತಿಂದ ಫೀಡಿನ ತೂಕ ಬರೆಯುತ್ತಾನೆ, ಕೊಕ್ಕರೆ ರೋಗದ ಲಸಿಕೆಯನ್ನೂ ಸಿಡುಬಿನ ಲಸಿಕೆಯನ್ನೂ ಪಶುವೈದ್ಯರು ಹೇಳಿದ ದಿನವೇ ಹಾಕಿಸುತ್ತಾನೆ. ಇವನ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಹಕ್ಕಿಗಳು ಚೆನ್ನಾಗಿರುತ್ತವೆ.

ಉಳಿದವನು ಧೀರೋದಾತ್ತ: ಗಂಭೀರ, ಕ್ಷಮಾವಂತ, ಹೊಗಳಿಕೊಳ್ಳದವನು. ಶಾಸ್ತ್ರಕ್ಕಾಗಿ ಹುಡುಕಿದ ತೋಟಗಳಲ್ಲಿ ಈ ಲಕ್ಷಣ ಯಾವ ಯಜಮಾನನಲ್ಲೂ ಕಾಣಲಿಲ್ಲ. ಕಂಡದ್ದು ತೋಟ ನೋಡಿಕೊಳ್ಳುವವನ ಹೆಂಡತಿಯಲ್ಲಿ. ನಾಯಕ ಗಂಡಸೇ ಆಗಿರಬೇಕೆಂದು ಗ್ರಂಥಗಳಲ್ಲಿದ್ದರೆ ಗ್ರಂಥಗಳನ್ನು ತಿದ್ದಬೇಕು.

ಆಕೆ ಮಾಡುವುದನ್ನು ಹತ್ತಿರ ಕೂತು ನೋಡಿದರೆ ಟರ್ಕಿ ವಿದ್ಯೆ ಮುಕ್ಕಾಲು ಬಂದಂತೆ. ತಗಡನ್ನು ದುಂಡಗೆ ಬಾಗಿಸಿ ಬೇಲಿ ಮಾಡಿದ್ದಾಳೆ. ಮೂಲೆ ಇದ್ದರೆ ಮರಿಗಳು ಅಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿ ಸಾಯುತ್ತವೆ. ನೆಲಕ್ಕೆ ಭತ್ತದ ಹೊಟ್ಟು. ಬರೀ ಪೇಪರ್ ಹಾಸಿದರೆ ಕಾಲು ಜಾರಿ ಸೊಟ್ಟಗಾಗುತ್ತದೆ. ಮೇಲೆ ಬಲ್ಬು: ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ನಾಲ್ಕು ವಾರದವರೆಗೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಕೆ. ಆಕೆಯ ಹತ್ತಿರ ಥರ್ಮಾಮೀಟರ್ ಇಲ್ಲ. ಮರಿಗಳು ಬಲ್ಬಿನಡಿ ಗುಂಪುಗೂಡಿದರೆ ಬಲ್ಬು ಇಳಿಸುತ್ತಾಳೆ, ತಗಡಿಗೆ ಒತ್ತಿಕೊಂಡು ಬಾಯಿ ಬಿಟ್ಟರೆ ಏರಿಸುತ್ತಾಳೆ. ನೀರಿನ ತಟ್ಟೆಯೊಳಗೆ ಬೆಣಚುಕಲ್ಲು, ಮರಿ ಮುಳುಗಬಾರದೆಂದು. ಮೇವಿನ ತಟ್ಟೆಯೊಳಗೆ ಮಗನ ಬಣ್ಣದ ಗೋಲಿಗಳು.

ಗೋಲಿ ಏಕೆಂದು ಯಜಮಾನ ಕೇಳಿದ. “ಇವ್ಕೆ ತಿನ್ನಾಕೆ ಬರಾಕಿಲ್ಲ ಕಣಣ್ಣ, ನಾವೇ ಏಳ್ಕೊಡ್ಬೇಕು” ಎಂದಳು.

ಟರ್ಕಿಶಾಸ್ತ್ರದ ಸಿದ್ಧಾಂತ ಆ ಒಂದು ಮಾತಿನಲ್ಲಿದೆ. ಕೋಳಿಮರಿ ಹುಟ್ಟಿದ ದಿನವೇ ಕೆದಕುತ್ತದೆ. ಟರ್ಕಿ ಮರಿಗೆ ಕಣ್ಣೂ ಮಂದ, ಅಂಜಿಕೆಯೂ ಹೆಚ್ಚು. ತುಂಬಿದ ತಟ್ಟೆಯ ಪಕ್ಕದಲ್ಲೇ ನಿಂತು ಹಸಿದು ಸಾಯುತ್ತದೆ. ಮೊದಲ ದಿನಗಳಲ್ಲಿ ಸಾಯುವ ಮರಿಗಳಲ್ಲಿ ಬಹಳಷ್ಟಕ್ಕೆ ರೋಗವೇ ಇರುವುದಿಲ್ಲ, ಉಪವಾಸವಿರುತ್ತದೆ. ಹೊಳೆಯುವ ಗೋಲಿ ಕುಕ್ಕಲು ಹೋಗಿ ಅದು ಮೇವು ಕುಕ್ಕುತ್ತದೆ. ಹಸಿರು ಬಣ್ಣವೆಂದರೆ ಇಷ್ಟ, ಆದ್ದರಿಂದ ಮೇವಿನ ಮೇಲೆ ಸಣ್ಣಗೆ ಹೆಚ್ಚಿದ ಸೊಪ್ಪು. ಹದಿನೈದು ದಿನ ಹತ್ತು ಮರಿಗೊಂದರಂತೆ ಬೇಯಿಸಿದ ಮೊಟ್ಟೆ, ಲೀಟರ್ ನೀರಿಗೆ 100 ಮಿ.ಲೀ. ಹಾಲು. ಆಕೆ ಪ್ರತಿ ಮರಿಯನ್ನೂ ಎತ್ತಿ ಕೊಕ್ಕನ್ನು ನೀರಿಗೆ ಅದ್ದಿ, ತಟ್ಟೆಯನ್ನು ಉಗುರಿನಿಂದ ಟಕಟಕ ಬಡಿಯುತ್ತಾಳೆ. ಒಂದು ಕಲಿತರೆ ಉಳಿದವು ಅದನ್ನು ನೋಡಿ ಕಲಿಯುತ್ತವೆ. ಕಲಿತ ಮೇಲೂ ಕೋಳಿಯ ಫೀಡು ಸಾಲದು, ಎಳೆಮರಿಗೆ ಶೇ. 28ರಷ್ಟು ಪ್ರೋಟೀನ್ ಬೇಕು.

ಮಳೆ ಬಂದರೆ ಟರ್ಕಿ ಆಕಾಶ ನೋಡುತ್ತ ಬಾಯಿ ತೆರೆದು ನಿಂತು ಮುಳುಗಿ ಸಾಯುತ್ತದೆ ಎಂಬ ಕಥೆಯನ್ನು ಧೀರೋದ್ಧತರು ಹೇಳಿಕೊಂಡು ತಿರುಗುತ್ತಾರೆ. ಸುಳ್ಳು. ನೆನೆದ ಮರಿ ಥಂಡಿ ಹಿಡಿದು ಸಾಯುತ್ತದೆ, ಸೂರು ಕಟ್ಟದ ಯಜಮಾನ ಹಕ್ಕಿಯನ್ನು ದಡ್ಡ ಎನ್ನುತ್ತಾನೆ.

ಇಷ್ಟು ಓದಿ, ತಾನು ಯಾವ ಭೇದಕ್ಕೆ ಸೇರಿದವನೆಂದು ಗೊತ್ತಾದ ಮೇಲೂ ಟರ್ಕಿ ಸಾಕಲೇಬೇಕೆನ್ನುವ ಓದುಗರಲ್ಲಿ ಒಂದು ವಿನಂತಿ. ಮೊದಲ ಸಲಕ್ಕೆ ಹತ್ತು ಮರಿ ಸಾಕು. ಅಂಗಳದಲ್ಲಿ ನಾಟಿಕೋಳಿ ಇದ್ದರೆ, ಕೋಳಿ ಎಂದೂ ಓಡಾಡದ ಬೇರೆ ಜಾಗ ನೋಡಿ. ಅಂಥ ಜಾಗ ಇಲ್ಲದಿದ್ದರೆ ಟರ್ಕಿ ಬೇಡ. ಮರಿ ತರುವ ದಿನ ಶನಿವಾರ ಆಗಿರದಿರಲಿ. ಭಾನುವಾರ ಸಂಜೆ ನೀವು ಬೆಂಗಳೂರಿಗೆ ಹೊರಟಾಗ ಅವುಗಳಿಗೆ ತಿನ್ನುವುದನ್ನು ಕಲಿಸಲು ತೋಟದಲ್ಲಿ ಯಾರಿರುತ್ತಾರೋ, ಮುಂಗಡ ಕೊಡುವ ಮೊದಲು ಅವರನ್ನು ಒಂದು ಮಾತು ಕೇಳಿ, ಸಂಬಳವನ್ನೂ ಹೆಚ್ಚಿಸಿ.